ಬಂಡವಾಳಕ್ಕಾಗಿ ಒಂದು ಬಿನ್ನಹ

‘ಸ್ಟಾರ್ಟ್‌ಅಪ್’ ಎಂಬ ಶಬ್ದವು ಈಗ ನಮ್ಮ ತುಮಕೂರು ಸೀಮೆಯ ಮನೆಮನೆಗಳಲ್ಲಿಯೂ ಕೇಳಿಬರುತ್ತಿದೆ. ಎಂಜಿನಿಯರಿಂಗ್ ಓದಿದ ಮಗನೋ ಮಗಳೋ ನೌಕರಿಯನ್ನು ಬಿಟ್ಟು ಸ್ವಂತ ಉದ್ಯಮವನ್ನು ಹೂಡುವೆನೆಂದಾಗ ತಂದೆತಾಯಿಗಳ ಚಿತ್ತವು ಮೊದಲು ಹರಿಯುವುದು ಬಂಡವಾಳದ ಕಡೆಗೆ, ಅನಂತರ ತೆಂಗಿನ ತೋಟದ ಪಹಣಿಯ ಕಡೆಗೆ. ತೋಟವನ್ನು ಅಡವಿಟ್ಟು ತಂದ ಸಾಲವನ್ನು, ಉದ್ಯಮವು ಮುಳುಗಿದರೂ ಬಡ್ಡಿಸಹಿತ ತೀರಿಸಲೇಬೇಕು. ಹೂಡಿಕೆದಾರನು ಕೊಡುವ ಹಣದ ಸ್ವರೂಪವೇ ಬೇರೆ. ಅವನು ಕಂಪನಿಯಲ್ಲಿ ಪಾಲನ್ನು ಪಡೆಯುತ್ತಾನೆ. ಉದ್ಯಮವು ಬೆಳೆದರೆ ಅವನ ಪಾಲೂ ಬೆಳೆಯುತ್ತದೆ, ಸೋತರೆ ಸಾಮಾನ್ಯವಾಗಿ ಅವನ ಹಣವೂ ಅದರೊಡನೆ ಹೋಗುತ್ತದೆ. ಆದುದರಿಂದಲೇ ಅವನು ಸುಲಭವಾಗಿ ಕೈ ಬಿಚ್ಚುವುದಿಲ್ಲ. ಅವನೆದುರು ಕಂಪ್ಯೂಟರಿನ ಸ್ಲೈಡುಗಳನ್ನು ತೋರಿಸುತ್ತ ಮಾಡುವ ನಿವೇದನೆಗೆ ‘ಪಿಚ್’ ಎನ್ನುತ್ತಾರೆ. ನಾವು ಅದನ್ನು ಬಿನ್ನಹವೆಂದೇ ಕರೆಯುತ್ತೇವೆ.

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳುವ ಪದ್ಧತಿಯುಂಟು. ಗ್ರಂಥದ ವಿಷಯವೇನು, ಪ್ರಯೋಜನವೇನು, ಅದಕ್ಕೆ ಅಧಿಕಾರಿ ಯಾರು, ಇವುಗಳೊಳಗಿನ ಸಂಬಂಧವೇನು ಎಂಬ ನಾಲ್ಕನ್ನು ತಿಳಿಸದೆ ಓದುಗನನ್ನು ಒಳಗೆ ಕರೆಯುವಂತಿಲ್ಲ. ಮಠದ ಪಾಠಶಾಲೆಯಲ್ಲಿ ಇದನ್ನು ಕಲಿತ ನಮಗೆ, ಅಮೆರಿಕದ ಹೂಡಿಕೆದಾರರಾದ ಗೈ ಕಾವಸಾಕಿಯವರು 2005ರಲ್ಲಿ ಹೇಳಿದ ಸೂತ್ರವು ಅಪರಿಚಿತವೆನಿಸಲಿಲ್ಲ: 10 ಸ್ಲೈಡುಗಳು, 20 ನಿಮಿಷಗಳು, 30 ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರಗಳು. ಅಕ್ಷರ ದೊಡ್ಡದಾದಷ್ಟೂ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಮುಂಚಿತವಾಗಿ ಕಳುಹಿಸಿದ ಬಿನ್ನಹಕ್ಕಂತೂ ಇನ್ನೂ ಕಡಿಮೆ ಕಾಲ. 2015ರಲ್ಲಿ ಡಾಕ್‌ಸೆಂಡ್ ಎಂಬ ಸಂಸ್ಥೆಯು 200 ನವೋದ್ಯಮಗಳ ಬಿನ್ನಹಗಳನ್ನು ಪರಿಶೀಲಿಸಿದಾಗ, ಹೂಡಿಕೆದಾರರು ಒಂದೊಂದನ್ನು ನೋಡಲು ವ್ಯಯಿಸಿದ ಕಾಲವು ಸರಾಸರಿ 3 ನಿಮಿಷ 44 ಸೆಕೆಂಡು ಎಂದು ಕಂಡುಬಂದಿತು.

ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಅರಿಯದವರು ವಿರಳ. ಬೆಂಗಳೂರಿನ ಹೆದ್ದಾರಿಯಲ್ಲಿ ಹೋಗುವವರು ವಾಹನ ನಿಲ್ಲಿಸಿ ತಿಂದು ಮುಂದೆ ಸಾಗುತ್ತಾರೆ. ಇದನ್ನೇ ಪೊಟ್ಟಣ ಕಟ್ಟಿ ಬೆಂಗಳೂರಿನ ಕಚೇರಿಗಳಿಗೆ ಮುಂಜಾನೆ ತಲುಪಿಸಬೇಕೆಂಬ ಹಂಬಲದ ತರುಣನೊಬ್ಬನು ತನ್ನ 34 ಸ್ಲೈಡುಗಳನ್ನು ನಮಗೆ ತೋರಿಸಿದ್ದನು. ಅದರಲ್ಲಿ ಭಾರತೀಯರೆಲ್ಲರ ಬೆಳಗಿನ ಉಪಾಹಾರದ ವಹಿವಾಟಿತ್ತು, ‘ಕ್ರಾಂತಿ’ ಎಂಬ ಪದವು ಆರು ಕಡೆ ಇತ್ತು. “ಇಡ್ಲಿ ಎಷ್ಟು ಗಂಟೆ ಮೆತ್ತಗೆ ಉಳಿಯುತ್ತದಪ್ಪಾ?” ಎಂದು ಕೇಳಿದೆವು. ಅದಕ್ಕೆ ಸ್ಲೈಡ್ ಇರಲಿಲ್ಲ.

ಅಧಿಕಾರಿ ಯಾರೆಂಬುದನ್ನು ನಿರ್ಣಯಿಸದೆ ಇರುವುದೇ ಇಂತಹ ಬಿನ್ನಹಗಳ ಮೊದಲ ದೋಷ. ಅಖಿಲ ಭಾರತವೇ ತಮ್ಮ ಗಿರಾಕಿ ಎನ್ನುವವರಿಗೆ ಒಬ್ಬ ಗಿರಾಕಿಯ ಪರಿಚಯವೂ ಇಲ್ಲವೆಂದು ಹೂಡಿಕೆದಾರನು ತಿಳಿಯುತ್ತಾನೆ. ಫಣೀಂದ್ರ ಸಾಮ ಅವರು 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ಸಿನ ಟಿಕೆಟ್ ದೊರೆಯದೆ ಪರದಾಡಿದರು. ಮರುವರ್ಷ ಇಬ್ಬರು ಗೆಳೆಯರೊಡನೆ ರೆಡ್‌ಬಸ್ ಕಂಪನಿಯನ್ನು ಕಟ್ಟಿದರು. ಆ ತೊಂದರೆಯನ್ನು ಹೇಳಲು ಒಂದೇ ವಾಕ್ಯ ಸಾಕು, ಕೇಳಿದವರಿಗೆಲ್ಲ ಅದು ತಮ್ಮದೇ ಅನುಭವವೆನಿಸುತ್ತದೆ. ನಮ್ಮ ತರುಣನ ಗಿರಾಕಿ ಯಾರು? ಇಂಥ ಬಡಾವಣೆಯ ಇಂಥ ಕಚೇರಿಯಲ್ಲಿ, ತಿಂಡಿ ತಿನ್ನದೆ ಬಂದು ಕೂರುವ ಇಷ್ಟು ಮಂದಿ ಎಂದು ಅವನು ಹೇಳಬಲ್ಲವನಾಗಬೇಕು. ಅದಕ್ಕಾಗಿ ಬೆಂಗಳೂರಿನಲ್ಲಿ ಒಂದು ವಾರ ನಡೆದಾಡಲೇಬೇಕು. ಬೇರೆ ದಾರಿ ನಮಗೆ ತೋಚದು.

ಎರಡನೆಯದು ಲೆಕ್ಕ. ಇಲ್ಲಿ ಉದಾಹರಣೆಗಾಗಿ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಇಡ್ಲಿಯ ಮಾರಾಟದ ಬೆಲೆ 20 ರೂಪಾಯಿ. ಅಕ್ಕಿ, ಉದ್ದು, ಗ್ಯಾಸು, ಕೂಲಿ, ಪೊಟ್ಟಣ, ವಾಹನ ಸೇರಿ ಖರ್ಚು 14. ಮಾರಿದ ಪ್ರತಿ ಇಡ್ಲಿಗೂ ಅಂಗಡಿಯವನಿಗೆ 4. ಉಳಿಯುವುದು 2 ರೂಪಾಯಿ. ದಿನಕ್ಕೆ 1,000 ಇಡ್ಲಿ ಮಾಡಿ ಎಲ್ಲವೂ ಮಾರಿದರೆ 2,000 ರೂಪಾಯಿ ಲಾಭ. ಅವುಗಳಲ್ಲಿ 100 ಮಾರದೆ ಉಳಿದರೆ ಲಾಭವು 400ಕ್ಕೆ ಇಳಿಯುತ್ತದೆ. 125 ಉಳಿದರೆ ಸೊನ್ನೆ. ಉದ್ಯಮದ ಪ್ರಾಣವೆಲ್ಲ ಈ ಉಳಿಕೆಯಲ್ಲಿದೆ. ಇದನ್ನು ಬಚ್ಚಿಟ್ಟು ಐದು ವರ್ಷಗಳಲ್ಲಿ ನೂರು ಕೋಟಿಯೆಂಬ ಏರುಗೆರೆಯನ್ನು ಎಳೆದರೆ, ದಿನವೂ ಇಂತಹ ಗೆರೆಗಳನ್ನು ನೋಡುವ ಹೂಡಿಕೆದಾರನು ನಗುತ್ತಾನೆ. “ನಮ್ಮ ಉಳಿಕೆ ಇಷ್ಟಿತ್ತು, ಮೂರು ತಿಂಗಳಲ್ಲಿ ಇಷ್ಟಕ್ಕೆ ಇಳಿಸಿದೆವು, ಹೀಗೆ ಇಳಿಸಿದೆವು” ಎಂದು ತೋರಿಸಿದರೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೇಳುತ್ತಾನೆ.

ಇಡ್ಲಿಗೆ ಯಾರು ಕೋಟಿ ಕೊಡುತ್ತಾರೆಂದು ಹಿರಿಯರು ಹಾಸ್ಯ ಮಾಡಬಹುದು. ಪಿ.ಸಿ. ಮುಸ್ತಫಾ ಅವರೂ ಅವರ ಸೋದರಸಂಬಂಧಿಗಳೂ 2005ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಐಡಿ ಫ್ರೆಶ್ ಫುಡ್ ಕಂಪನಿಯ ಸರಕು ಇಡ್ಲಿ-ದೋಸೆಯ ಹಿಟ್ಟು. ಅದಕ್ಕೆ 2014ರಲ್ಲಿ ಹೀಲಿಯನ್ ಎಂಬ ಹೂಡಿಕೆ ಸಂಸ್ಥೆಯು 35 ಕೋಟಿ ರೂಪಾಯಿಗಳನ್ನು, 2017ರಲ್ಲಿ ಅಜೀಂ ಪ್ರೇಮ್‌ಜಿಯವರ ಪ್ರೇಮ್‌ಜಿ ಇನ್ವೆಸ್ಟ್ 150 ಕೋಟಿಯನ್ನು ಹೂಡಿದವು. ನಮ್ಮ ತರುಣರು 150 ಕೋಟಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ನಾವು ನೋಡುವುದು 2005ರಿಂದ 2014ರವರೆಗಿನ ಒಂಬತ್ತು ವರ್ಷಗಳನ್ನು. ಬೇಗ ಹುಳಿಯುವ ಹಿಟ್ಟನ್ನು ಅಂಗಡಿ ಅಂಗಡಿಗೆ ಮುಟ್ಟಿಸುತ್ತ ಬಂದ ಆ ಕಾಲವೇ ಅವರ ಬಿನ್ನಹದ ಬಲವಾಗಿತ್ತೆಂದು ನಮ್ಮ ಎಣಿಕೆ.

ಪ್ರತಿಸ್ಪರ್ಧಿಗಳ ವಿಷಯ ಬಂದಾಗ “ನಮಗೆ ಎದುರಾಳಿಗಳೇ ಇಲ್ಲ” ಎಂದು ಬರೆಯುವ ಚಾಳಿಯೊಂದು ಬೆಳೆದಿದೆ. ವಾದಶಾಸ್ತ್ರದಲ್ಲಿ ಪೂರ್ವಪಕ್ಷವನ್ನು ಎದುರಾಳಿಯೇ ತಲೆದೂಗುವಷ್ಟು ಬಲವಾಗಿ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಬೆಲೆ. ಕಚೇರಿಯ ಕ್ಯಾಂಟೀನು, ಬೀದಿಯ ದರ್ಶಿನಿ, ಮನೆಯ ಡಬ್ಬಿ, ಇವೆಲ್ಲ ಎದುರಾಳಿಗಳೇ. ಕ್ಯಾಂಟೀನಿನ ಇಡ್ಲಿ ಅಗ್ಗವೂ ಬಿಸಿಯೂ ಆಗಿರುವುದನ್ನು ಒಪ್ಪಿಕೊಂಡು, ಆದರೂ ಗಿರಾಕಿ ನಮ್ಮ ಬಳಿಗೆ ಬಂದುದೇಕೆಂಬುದನ್ನು ತೋರಿಸಬೇಕು.

ಕೊನೆಗೆ ಕೇಳಿಕೆ. ಎಷ್ಟು ಹಣ, ಯಾವುದಕ್ಕೆ, ಎಷ್ಟು ತಿಂಗಳಿಗೆ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಕಂಪನಿಯ ಈಗಿನ ಬೆಲೆ 2 ಕೋಟಿಯೆಂದು ಇಬ್ಬರೂ ಒಪ್ಪಿ, ಹೂಡಿಕೆದಾರನು 50 ಲಕ್ಷವನ್ನು ಹಾಕಿದರೆ ಒಟ್ಟು ಬೆಲೆ ಎರಡೂವರೆ ಕೋಟಿಯಾಗಿ, ಅವನ ಪಾಲು ಶೇಕಡಾ 20 ಆಗುತ್ತದೆ. ಈ ಗಣಿತವನ್ನು ತಂದೆತಾಯಿಗಳೂ ಅರಿತಿರುವುದು ಒಳ್ಳೆಯದು. ಪಾಲನ್ನು ಬಿಟ್ಟುಕೊಡದೆಯೇ ದೊರೆಯುವ ಹಣವೂ ಉಂಟು. ಕರ್ನಾಟಕ ಸರಕಾರವು 2017ರಲ್ಲಿ ಆರಂಭಿಸಿದ ಎಲಿವೇಟ್ ಯೋಜನೆಯಲ್ಲಿ, ತಜ್ಞರ ಮುಂದೆ ಬಿನ್ನಹ ಮಂಡಿಸಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿಗಳವರೆಗೆ ಸಹಾಯಧನವಿದೆ.

ಹೂಡಿಕೆದಾರನು ಒಪ್ಪಿದ ಮೇಲೆ ಬರುವ ಕಾಗದಗಳನ್ನು ಸಹಿಗೆ ಮೊದಲು ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸತಕ್ಕದ್ದು. ಅವುಗಳಲ್ಲಿ ಎಲ್ಲಿಯಾದರೂ ಮನೆಯನ್ನಾಗಲಿ ತೋಟವನ್ನಾಗಲಿ ಜಾಮೀನಾಗಿ ಕೇಳಿದ್ದರೆ, ಹೆಸರು ಏನೇ ಇರಲಿ, ಅದು ಸಾಲವೆಂದೇ ತಿಳಿದು ಪಹಣಿಯನ್ನು ಪೆಟ್ಟಿಗೆಯಲ್ಲಿಯೇ ಇರಿಸಿಕೊಳ್ಳಬೇಕು.