ಹಳೆಯ ಗಣಕಕ್ಕೆ ಯಾವ ಬ್ರೌಸರ್?

ಕಳೆದ ವರ್ಷದ ಮಾತು. ಒಂದು ಸಂಜೆ ನಮ್ಮ ಬೀದಿಯ ಟೈಲರ್ ಒಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ದ್ವಿತೀಯ ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿ. ಸಿ.ಇ.ಟಿ. ಅರ್ಜಿ ತುಂಬಲು ಉಳಿದಿದ್ದುದು ಎರಡೇ ದಿನ. ಮನೆಯ ಕಂಪ್ಯೂಟರಿನಲ್ಲಿ ಅರ್ಜಿಯ ಪುಟ ತೆರೆಯುತ್ತಲೇ ಇಲ್ಲ. ಅದರ ಬದಲು, ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಅರ್ಥದ ಇಂಗ್ಲಿಷ್ ಎಚ್ಚರಿಕೆ ಬರುತ್ತಿದೆ.

“ಅಂಗಡಿಯವರನ್ನ ಕೇಳಿದೆ ಮೇಷ್ಟ್ರೇ. ಇದರ ಕಥೆ ಮುಗೀತು, ಹೊಸದು ತಗೊಳ್ಳಿ ಅಂದ್ರು. ಇವನ ಕಾಲೇಜು ಫೀಜಿಗೆ ಅಂತ ಇಟ್ಟಿರೋ ದುಡ್ಡಿದೆ. ಅದನ್ನ ತೆಗೀಲೋ ಬೇಡವೋ, ನೀವೇ ಹೇಳಿ” ಎಂದರು ಅವರು.

2020ರ ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್ ಪಾಠಕ್ಕೆಂದು ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಯಂತ್ರ ಅದು. ಆಗ ಇಂಥ ಎಷ್ಟೋ ಯಂತ್ರಗಳು ನಮ್ಮ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕವು. ಹುಡುಗ ತನ್ನ ಪಾಲಿನ ವಿವರಣೆ ಕೊಟ್ಟ: “ಕ್ರೋಮ್ ತುಂಬಾ ಭಾರ ಅಂತ ಯಾವುದೋ ಹಗುರದ ಬ್ರೌಸರ್ ಹಾಕ್ಕೊಂಡೆ ಸರ್. ಅದರಲ್ಲೂ ಬರ್ತಿಲ್ಲ.”

ಹೋಗಿ ನೋಡಿದೆ. ಪರದೆಯ ಕೆಳಗಿನ ಮೂಲೆಯಲ್ಲಿದ್ದ ದಿನಾಂಕ 2009ರ ಜನವರಿ 1!

ಗುಂಡಿ ಸೆಲ್ಲಿನ ಚಮತ್ಕಾರ

ಗಣಕವನ್ನು ಆರಿಸಿದ ಮೇಲೂ ಅದರೊಳಗಿನ ಗಡಿಯಾರ ನಡೆಯುತ್ತಿರಬೇಕು. ಅದಕ್ಕಾಗಿ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಲಿಥಿಯಂ ಸೆಲ್ ಇರುತ್ತದೆ. ಬಹುತೇಕ ಯಂತ್ರಗಳಲ್ಲಿ ಅದರ ಹೆಸರು ಸಿ.ಆರ್. 2032. ಈ ಸಂಖ್ಯೆಗೆ ಅರ್ಥವುಂಟು: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಅದು ಕೊಡುವುದು 3 ವೋಲ್ಟ್. ಕೆಲವು ವರ್ಷಗಳಲ್ಲಿ ಸೆಲ್ ಸತ್ತುಹೋಗುತ್ತದೆ. ಆಮೇಲೆ ಪ್ರತಿಸಲ ವಿದ್ಯುತ್ ತೆಗೆದಾಗಲೂ ಗಡಿಯಾರ ಹಿಂದಿನ ಯಾವುದೋ ದಿನಕ್ಕೆ ಹೋಗಿ ಕೂರುತ್ತದೆ.

ಇದಕ್ಕೂ ಬ್ರೌಸರಿಗೂ ಏನು ಸಂಬಂಧ? ಸುರಕ್ಷಿತ ಜಾಲತಾಣಗಳೆಲ್ಲವೂ ಒಂದು ಪ್ರಮಾಣಪತ್ರವನ್ನು ಇಟ್ಟುಕೊಂಡಿರುತ್ತವೆ. ಬಸ್ ಪಾಸಿನಂತೆ ಅದಕ್ಕೂ ಆರಂಭದ ದಿನ, ಮುಗಿಯುವ ದಿನ ಇವೆ. ಬ್ರೌಸರು ಅದನ್ನು ಗಣಕದ ಗಡಿಯಾರದೊಂದಿಗೆ ತಾಳೆ ನೋಡುತ್ತದೆ. ಗಡಿಯಾರ 2009 ಎಂದರೆ ಈ ವರ್ಷದ ಪಾಸು ಇನ್ನೂ ಶುರುವೇ ಆಗಿಲ್ಲ. ಕಂಡಕ್ಟರ್ ಇಳಿಸಿಬಿಡುತ್ತಾನೆ, ಅಷ್ಟೆ. ಬ್ರೌಸರ್ ಬದಲಿಸಿದರೂ ಗಡಿಯಾರ ಅದೇ ಅಲ್ಲವೇ? ಹುಡುಗನ ‘ಹಗುರದ ಬ್ರೌಸರ್’ ಸೋತದ್ದು ಇಲ್ಲಿಯೇ.

ವಾಚ್ ರಿಪೇರಿ ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿದೆವು. ದಿನಾಂಕ ಸರಿಪಡಿಸಿದೆವು. ಎಚ್ಚರಿಕೆ ಮಾಯವಾಯಿತು. ಟೈಲರ್ ಮುಖದಲ್ಲಿ ನಗು ಕಾಣಿಸಿಕೊಂಡಿತು.

ಆದರೆ ನನಗೆ ನಗು ಬರಲಿಲ್ಲ. ಯಂತ್ರದಲ್ಲಿದ್ದುದು ವಿಂಡೋಸ್ 7. ಕ್ರೋಮ್ ಕಿಟಕಿಯ ನೆತ್ತಿಯಲ್ಲಿ ಒಂದು ಸಾಲು ಇತ್ತು. ಮುಂದಿನ ತಿದ್ದುಪಡಿಗಳು ಬೇಕಿದ್ದರೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು ಎಂದು ಅದರ ತಾತ್ಪರ್ಯ. ಒಪ್ಪಿಕೊಳ್ಳುತ್ತೇನೆ, ನನ್ನ ಮನೆಯ ಹಳೆಯ ಯಂತ್ರದಲ್ಲೂ ಅದೇ ಸಾಲು ಬರುತ್ತಿತ್ತು. ತಿಂಗಳುಗಟ್ಟಲೆ ಅದರ ಮೂಲೆಯ ಅಡ್ಡಗೆರೆಯ ಗುರುತು ಒತ್ತಿ ಮುಚ್ಚಿಬಿಡುತ್ತಿದ್ದೆ. ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ’ ಎಂದು ಹೇಳುವ ಮೇಷ್ಟರ ಪಾಡು ಇದು!

ಕೇಳಬೇಕಾದ ಮೊದಲ ಪ್ರಶ್ನೆ

ಹಳೆಯ ಗಣಕದ ಮಾತು ಬಂದಾಗ ಎಲ್ಲರೂ ಕೇಳುವುದು ‘ಯಾವ ಬ್ರೌಸರ್ ಹಗುರ?’ ಎಂದು. ಇದು ಎರಡನೆಯ ಪ್ರಶ್ನೆ. ಮೊದಲನೆಯದು: ‘ನನ್ನ ಯಂತ್ರದಲ್ಲಿ ಯಾವ ಬ್ರೌಸರಿಗೆ ಇನ್ನೂ ತಿದ್ದುಪಡಿ ಬರುತ್ತಿದೆ?’

ಬ್ರೌಸರ್ ಎಂದರೆ ಮನೆಯ ಮುಂಬಾಗಿಲು. ಹೊರಗಿನಿಂದ ಬರುವುದೆಲ್ಲ ಅದರ ಮೂಲಕವೇ ಬರಬೇಕು. ಆ ಬಾಗಿಲಿನಲ್ಲಿ ಆಗಾಗ ಬಿರುಕುಗಳು ಪತ್ತೆಯಾಗುತ್ತವೆ. ತಯಾರಕರು ಅವನ್ನು ಮುಚ್ಚಿ ಹೊಸ ಆವೃತ್ತಿ ಕಳುಹಿಸುತ್ತಾರೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹೊಸ ಆವೃತ್ತಿಯಲ್ಲಿ ಯಾವ ಬಿರುಕು ಮುಚ್ಚಲಾಗಿದೆ ಎಂಬ ವಿವರ ಬಹಿರಂಗವಾಗಿಯೇ ಇರುತ್ತದೆ. ಹಾಗಾಗಿ ತಿದ್ದುಪಡಿ ನಿಂತ ಬ್ರೌಸರಿನ ಬಿರುಕುಗಳ ಪಟ್ಟಿ ಕಳ್ಳನ ಕೈಗೂ ಸಿಗುತ್ತದೆ. ಅರ್ಜಿಯಲ್ಲಿ ಆಧಾರ್ ಸಂಖ್ಯೆ, ಅಂಕಪಟ್ಟಿ, ತಂದೆಯ ಬ್ಯಾಂಕ್ ಖಾತೆ ಎಲ್ಲವೂ ಇರುವಾಗ ಇದು ಸಣ್ಣ ವಿಷಯವಲ್ಲ.

ಹೆಸರು ಹತ್ತು, ಎಂಜಿನ್ ಎರಡು

1990ರಲ್ಲಿ ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಮೊದಲ ಬ್ರೌಸರ್ ಬರೆದರು. 1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದವು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಫೈರ್‌ಫಾಕ್ಸ್ 2004ರಲ್ಲೂ ಕ್ರೋಮ್ 2008ರಲ್ಲೂ ಹುಟ್ಟಿದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿಯಾಯಿತು. ಹಳೆಯ ಯಂತ್ರದಲ್ಲಿ ಅದರ ನೀಲಿ ‘ಇ’ ಅಕ್ಷರ ಕಂಡರೂ ಬಳಸಬೇಡಿ.

ಇಂದು ವಿಂಡೋಸ್‌ನಲ್ಲಿ ಹೆಸರುಗಳು ಬಹಳ, ಆದರೆ ಒಳಗಿನ ಎಂಜಿನ್ ಮುಖ್ಯವಾಗಿ ಎರಡೇ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ ಇವೆಲ್ಲ ಕ್ರೋಮಿಯಂ ಎಂಬ ಒಂದೇ ಮನೆತನದವು. ಫೈರ್‌ಫಾಕ್ಸ್ ಬೇರೆ ಮನೆತನ. ಮನೆತನದ ಹಿರಿಯ ಒಂದು ಹಳೆಯ ವಿಂಡೋಸನ್ನು ಕೈಬಿಟ್ಟರೆ ಉಳಿದವರೂ ಇಂದೋ ನಾಳೆಯೋ ಕೈಬಿಡುತ್ತಾರೆ.

ನಿಮ್ಮ ಯಂತ್ರ ಯಾವುದು?

ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿಯನ್ನು ಅದುಮಿಕೊಂಡು ‘ಆರ್’ ಒತ್ತಿ. ಬರುವ ಚಿಕ್ಕ ಚೌಕದಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಅಕ್ಷರ ಬರೆದು ಎಂಟರ್ ಕೊಟ್ಟರೆ ವಿಂಡೋಸ್ ಯಾವುದೆಂದು ತಿಳಿಯುತ್ತದೆ. ಇನ್ನು ಮುಂದಿನ ದಾರಿ:

ವಿಂಡೋಸ್ ಎಕ್ಸ್‌ಪಿ: ಇದಕ್ಕೆ ಕ್ರೋಮ್ 2016ರಲ್ಲೂ ಫೈರ್‌ಫಾಕ್ಸ್ 2018ರಲ್ಲೂ ತಿದ್ದುಪಡಿ ನಿಲ್ಲಿಸಿದವು. ಹವ್ಯಾಸಿಗಳು ಕಟ್ಟಿದ ಬ್ರೌಸರುಗಳು ಸಿಗುತ್ತವೆ, ಕೆಲವು ಚೆನ್ನಾಗಿಯೂ ಓಡುತ್ತವೆ. ಆದರೆ ಕೆಳಗಿನ ಆಪರೇಟಿಂಗ್ ಸಿಸ್ಟಮ್ಮೇ 2014ರಿಂದ ಕಾವಲಿಲ್ಲದೆ ನಿಂತಿದೆ. ಟೈಪಿಂಗ್ ಕಲಿಯಲು, ಹಳೆಯ ಫೋಟೋ ನೋಡಲು ಯಂತ್ರ ಇರಲಿ. ಅಂತರಜಾಲದ ತಂತಿ ಬೇಡ.

ವಿಂಡೋಸ್ 7, 8, 8.1: ಕ್ರೋಮ್ ಮತ್ತು ಎಡ್ಜ್ ಎರಡೂ 2023ರ ಆರಂಭದಲ್ಲಿ 109ನೇ ಆವೃತ್ತಿಗೆ ನಿಂತವು. ಫೈರ್‌ಫಾಕ್ಸ್ ಮಾತ್ರ ತನ್ನ 115ನೇ ಆವೃತ್ತಿಯ ದೀರ್ಘಾವಧಿ ಶಾಖೆಯನ್ನು ಇವುಗಳಿಗಾಗಿ ಇಟ್ಟು, ಕಾವಲಿನ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿತು. ಇದು ತಾತ್ಕಾಲಿಕ ಆಸರೆ. ಗಡುವು ಇನ್ನೂ ಇದೆಯೇ ಎಂದು ಮೊಜಿಲ್ಲಾ ಸಂಸ್ಥೆಯ ತಾಣದಲ್ಲೇ ನೋಡಿಕೊಳ್ಳಿ. ಇದ್ದರೂ ಈ ಯಂತ್ರದಲ್ಲಿ ಹಣದ ವ್ಯವಹಾರ ಬೇಡ.

ವಿಂಡೋಸ್ 10: ಇದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆದರೆ ಬ್ರೌಸರುಗಳು ಅಂದೇ ಕೈಬಿಡಲಿಲ್ಲ. ಆ ದಿನದ ನಂತರವೂ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರಕ್ಕೂ ಹೊಸ ಆವೃತ್ತಿ ಬಂದಿವೆ. ಇಲ್ಲಿ ಮಾತ್ರ ‘ಹಗುರ ಯಾವುದು?’ ಎಂಬ ಎರಡನೆಯ ಪ್ರಶ್ನೆಗೆ ಅರ್ಥವಿದೆ.

ಭಾರ ಎಂದರೇನು?

ರ್‍ಯಾಮ್ ಎಂದರೆ ಅಡುಗೆಮನೆಯ ಕಟ್ಟೆ, ಹಾರ್ಡ್ ಡಿಸ್ಕ್ ಎಂದರೆ ಹಿತ್ತಿಲಿನ ಉಗ್ರಾಣ. ಕಟ್ಟೆ ತುಂಬಿದಾಗ ಡಬ್ಬಿಗಳನ್ನು ಉಗ್ರಾಣಕ್ಕೆ ಹೊತ್ತು ಹಾಕಬೇಕು, ಬೇಕಾದಾಗ ಮತ್ತೆ ಹೊತ್ತು ತರಬೇಕು. ರ್‍ಯಾಮಿನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸುಮಾರು 10 ಮಿಲಿಸೆಕೆಂಡ್ ಬೇಕು, ಅಂದರೆ ಒಂದು ಲಕ್ಷ ಪಟ್ಟು. ಕಟ್ಟೆಯಿಂದ ಸಾಸಿವೆ ಡಬ್ಬಿ ತೆಗೆಯಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ಉಗ್ರಾಣಕ್ಕೆ ಹೋಗಿ ಬರಲು ಇಪ್ಪತ್ತೇಳು ಗಂಟೆಗೂ ಹೆಚ್ಚು! ಹಳೆಯ ಯಂತ್ರ ‘ಹ್ಯಾಂಗ್’ ಆಯಿತು ಎಂದು ನಾವು ಬೈಯುವಾಗ ಅದು ಬಹಳ ಸಲ ಉಗ್ರಾಣಕ್ಕೂ ಕಟ್ಟೆಗೂ ಓಡಾಡುತ್ತಿರುತ್ತದೆ.

ಇಂದಿನ ಬ್ರೌಸರು ಬೇರೆ ಬೇರೆ ತಾಣಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸುತ್ತದೆ. ಒಂದು ಪುಟ ಕೆಟ್ಟರೆ ಉಳಿದವು ಬದುಕಲಿ, ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯದಿರಲಿ ಎಂಬುದು ಉದ್ದೇಶ. ಕೋಣೆ ಹೆಚ್ಚಿದಷ್ಟೂ ಜಾಗ ಹೆಚ್ಚು ಬೇಕು. ಅಂದರೆ ನಾವು ಭಾರ ಎಂದು ದೂರುವುದರ ಒಂದು ಪಾಲು ನಮ್ಮ ರಕ್ಷಣೆಗೆಂದೇ ಹೊತ್ತ ಭಾರ. ಹಗುರ ಎಂದು ಹೊಗಳಿಸಿಕೊಳ್ಳುವ ಬ್ರೌಸರು ಏನನ್ನು ಬಿಟ್ಟು ಹಗುರವಾಗಿದೆ ಎಂದೂ ಕೇಳಬೇಕು.

ಮಾಡಿ ನೋಡಿ

ವಿದ್ಯಾರ್ಥಿಗಳೇ, ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ ಕೂಡ. ತೂಗಿ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಒಂದು ಬ್ರೌಸರಿನಲ್ಲಿ ಮೊದಲು ಒಂದು ಟ್ಯಾಬ್, ನಂತರ ಮೂರು, ನಂತರ ಆರು ಟ್ಯಾಬ್ ತೆರೆದು, ಪ್ರತಿಸಲ ಮೆಮೊರಿ ಎಷ್ಟು ಖರ್ಚಾಯಿತೆಂದು ಬರೆದುಕೊಳ್ಳಿ. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಇನ್ನೊಂದು ಬ್ರೌಸರಿನಲ್ಲಿ ಅದೇ ಪುಟಗಳನ್ನು ಅದೇ ಕ್ರಮದಲ್ಲಿ ತೆರೆಯಿರಿ. ಒಂದೇ ಅಂಶ ಬದಲಾಗಲಿ, ಉಳಿದದ್ದು ಹಾಗೆಯೇ ಇರಲಿ. ಪ್ರಯೋಗಾಲಯದ ನಿಯಮವೇ ಇಲ್ಲಿಯೂ.

ನಾನು ಹೀಗೆ ತೂಗಿದಾಗ ಕಂಡದ್ದು: ಒಂದು ಬ್ರೌಸರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕಿಂತ, ಎರಡು ಟ್ಯಾಬಿಗೂ ಎಂಟು ಟ್ಯಾಬಿಗೂ ಇರುವ ವ್ಯತ್ಯಾಸವೇ ದೊಡ್ಡದು. 4 ಜಿ.ಬಿ. ರ್‍ಯಾಮ್ ಇರುವ ಯಂತ್ರದಲ್ಲಿ ಮೂರು ನಾಲ್ಕು ಟ್ಯಾಬಿಗೆ ಮಿತಿ ಹಾಕಿಕೊಳ್ಳಿ. ಬೇಡದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಿ. ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಒಂದನ್ನು ಮಾತ್ರ ಸೇರಿಸಬಹುದು. ಅದು ಜಾಹೀರಾತು ತಡೆಯುವುದರಿಂದ ಪುಟಗಳೇ ಹಗುರಾಗುತ್ತವೆ. ಕ್ರೋಮ್‌ನಲ್ಲಿ ಮೆಮೊರಿ ಸೇವರ್, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಇವೆ, ಚಾಲೂ ಇಡಿ. ಪಾಠದ ವಿಡಿಯೋ ತಡೆತಡೆದು ಓಡಿದರೆ ಗುಣಮಟ್ಟವನ್ನು 480ಕ್ಕೆ ಇಳಿಸಿ. ಹೊಸ ಬಗೆಯ ವಿಡಿಯೋಗಳನ್ನು ಬಿಡಿಸುವ ಪ್ರತ್ಯೇಕ ಮಂಡಲ ಹಳೆಯ ಚಿಪ್ಪುಗಳಲ್ಲಿ ಇರುವುದಿಲ್ಲ, ಆ ಲೆಕ್ಕವನ್ನೆಲ್ಲ ಪ್ರೊಸೆಸರ್ ಒಂದೇ ಮಾಡಬೇಕು. ಕರಿಹಲಗೆಯ ಮೇಲಿನ ಅಕ್ಷರ 480ರಲ್ಲೂ ಓದಲು ಬರುತ್ತದೆ.

ಪೋಷಕರಿಗೆ ಒಂದು ಮಾತು

ಖರ್ಚು ಮಾಡಲೇಬೇಕೆಂದರೆ ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ನಂತರ ರ್‍ಯಾಮ್ ಹೆಚ್ಚಿಸಿ. ಉಗ್ರಾಣವೇ ಅಡುಗೆಮನೆಯ ಪಕ್ಕಕ್ಕೆ ಬಂದಂತಾಗುತ್ತದೆ. ಬ್ರೌಸರನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ವಿಂಡೋಸ್ 7ರ ಯಂತ್ರ 64 ಬಿಟ್‌ನದಾಗಿದ್ದು ರ್‍ಯಾಮ್ 4 ಜಿ.ಬಿ. ಇದ್ದರೆ ಉಚಿತವಾದ ಲಿನಕ್ಸ್ ಹಾಕಬಹುದು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಳೆಯ ಯಂತ್ರಕ್ಕೆ ಹೊಂದುತ್ತದೆ. ಅದರೊಂದಿಗೆ ಬರುವ ಫೈರ್‌ಫಾಕ್ಸ್ ಹೊಚ್ಚ ಹೊಸದು, ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ. ಪೆನ್ ಡ್ರೈವಿನಿಂದಲೇ ಓಡಿಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಒಳಗೆ ಹಾಕಿ. ಅದಕ್ಕೆ ಮೊದಲು ಫೋಟೋ, ಕಾಗದಪತ್ರಗಳ ಪ್ರತಿ ಬೇರೆಡೆ ಇರಲಿ. ಆದರೆ ಮೈಕ್ರೋಸಾಫ್ಟ್ ಆಫೀಸ್, ಟ್ಯಾಲಿ ಮೊದಲಾದವು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಅಂಗಡಿಯ ಲೆಕ್ಕ ಅದೇ ಯಂತ್ರದಲ್ಲಿದ್ದರೆ ಯೋಚಿಸಿ.

ನಮ್ಮ ಹುಡುಗನ ಅರ್ಜಿ ಏನಾಯಿತು? ಆ ರಾತ್ರಿ ಅವನು ತಂದುಕೊಂಡಿದ್ದ ‘ಹಗುರದ’ ಬ್ರೌಸರ್ ತೆಗೆದು, ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿ ಹಾಕಿ, ಅರ್ಜಿಯ ವಿವರಗಳನ್ನು ನಿಧಾನವಾಗಿ ತುಂಬಿದೆವು. ಶುಲ್ಕವನ್ನು ತಂದೆಯ ಫೋನಿನಲ್ಲಿ ಲಾಗಿನ್ ಆಗಿ ಕಟ್ಟಿದೆವು. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಅವನೇ ಕುಳಿತು ಲಿನಕ್ಸ್ ಹಾಕಿಕೊಂಡ. ಎರಡು ಸಲ ಎಡವಿ, ಮೂರನೆಯ ಸಲ ಗೆದ್ದ.

ಫೀಜಿಗೆ ಇಟ್ಟ ದುಡ್ಡು ಫೀಜಿಗೇ ಹೋಯಿತು. ಹೊಸ ಗಣಕ ಎಂದಾದರೂ ಬೇಕಾಗಬಹುದು, ಇಂಜಿನಿಯರಿಂಗ್ ಸೇರಿದವನಿಗೆ ಬೇಕಾಗಿಯೇ ಆಗುತ್ತದೆ. ಆದರೆ ಕೊಳ್ಳುವ ದಿನವನ್ನು ನಾವು ತೀರ್ಮಾನಿಸಬೇಕು, ಸತ್ತುಹೋದ ಒಂದು ಗುಂಡಿ ಸೆಲ್ ತೀರ್ಮಾನಿಸಬಾರದು.