ಗ್ರಾಫಿಕ್ಸ್ ಕಾರ್ಡು: ಎರಡರಲ್ಲಿ ಯಾವುದು ನಮ್ಮ ಮನೆಗೆ ಹಿತ?

ನಮ್ಮ ಮನೆಗಳಲ್ಲಿ ಈಚೆಗೆ ಹೊಸದೊಂದು ಬೇಡಿಕೆ ಹುಟ್ಟಿಕೊಂಡಿದೆ. ಇಂಜಿನಿಯರಿಂಗ್ ಓದುವ ಮಗನೋ ಅನಿಮೇಶನ್ ಕಲಿಯುವ ಮಗಳೋ ಬಂದು, “ಅಪ್ಪಾ, ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಬೇಕು” ಎನ್ನುತ್ತಾರೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ರಜೆಯಲ್ಲಿ ಊರಿಗೆ ಹೋಗಿಬರಲೆಂದು ಕೂಡಿಟ್ಟ ಹಣ ಅದೊಂದರಲ್ಲೇ ಕರಗಿಹೋದೀತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೋ, ದಿಲ್ಲಿಯ ನೆಹರೂ ಪ್ಲೇಸಿಗೋ, ಚೆನ್ನೈಯ ರಿಚಿ ಸ್ಟ್ರೀಟಿಗೋ ಹೋದರೆ ಅಂಗಡಿಯವರು ನಾಲ್ಕಾರು ಅಂಕಿಗಳನ್ನು ಗಡಗಡನೆ ಒಪ್ಪಿಸುತ್ತಾರೆ. ಆ ಅಂಕಿಗಳ ಅರ್ಥ ತಿಳಿಯದೆ ಹಣ ಎಣಿಸಿ ಕೊಡುವುದು ತರವಲ್ಲ. ಆದುದರಿಂದ ಎರಡು ಕಾರ್ಡುಗಳನ್ನು ಎದುರುಬದುರು ಇಟ್ಟು ನೋಡೋಣ.

ಒಂದು, ಎನ್ವಿಡಿಯ ಕಂಪನಿಯ ಜೀಫೋರ್ಸ್ ಆರ್‌ಟಿಎಕ್ಸ್ 3060. 2021ರ ಫೆಬ್ರವರಿಯಲ್ಲಿ ಬಂದದ್ದು. ಆಗ ಅಮೆರಿಕದಲ್ಲಿ ಸಾರಿದ ಬೆಲೆ 329 ಡಾಲರು. ಇನ್ನೊಂದು ಅದರ ತಮ್ಮ, ಆರ್‌ಟಿಎಕ್ಸ್ 4060. 2023ರ ಜೂನ್‌ನಲ್ಲಿ 299 ಡಾಲರಿಗೆ ಬಂದಿತು. 2025ರಲ್ಲಿ 5060 ಕೂಡ ಬಂದಿರುವುದರಿಂದ ಇವೆರಡೂ ಈಗ ಹಿಂದಿನ ತಲೆಮಾರಿನವು; ಆದರೆ ಕಡಿಮೆ ಹಣದಲ್ಲಿ ಕೆಲಸವಾಗಬೇಕೆನ್ನುವ ನಮ್ಮಂಥವರ ಕಣ್ಣು ಹೋಗುವುದು ಇಂಥವುಗಳ ಕಡೆಗೇ ಅಲ್ಲವೆ?

ಗ್ರಾಫಿಕ್ಸ್ ಕಾರ್ಡನ್ನು ಮದುವೆಯ ಅಡಿಗೆಮನೆ ಎಂದು ತಿಳಿಯಿರಿ. ಅಲ್ಲಿ ದುಡಿಯುವ ಅಡಿಗೆಭಟ್ಟರೇ ಕೋರ್‌ಗಳು. 3060ರಲ್ಲಿ 3,584 ಮಂದಿ. 4060ರಲ್ಲಿ 3,072 ಮಂದಿ. ಹಾಗಾದರೆ ಹಳೆಯದೇ ಮೇಲಾಯಿತಲ್ಲ ಎಂದು ಅವಸರಪಡಬೇಡಿ. ಕೈಗಳ ಚುರುಕನ್ನೂ ನೋಡಬೇಕು. 3060ರ ಬೂಸ್ಟ್ ವೇಗ 1,777 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು 178 ಕೋಟಿ ಮಿಡಿತ. 4060ರದು 2,460 ಮೆಗಾಹರ್ಟ್ಸ್, ಅಂದರೆ 246 ಕೋಟಿ.

ಒಂದೊಂದು ಕೋರ್ ಒಂದೊಂದು ಮಿಡಿತಕ್ಕೆ ಒಂದು ಗುಣಾಕಾರ, ಒಂದು ಕೂಡಿಸುವಿಕೆ, ಹೀಗೆ ಎರಡು ಲೆಕ್ಕ ಮಾಡಬಲ್ಲುದು. ಆದ್ದರಿಂದ ಕೋರ್‌ಗಳ ಸಂಖ್ಯೆಯನ್ನು ಎರಡರಿಂದಲೂ ವೇಗದಿಂದಲೂ ಗುಣಿಸಿದರೆ ಕಾರ್ಡಿನ ಸೈದ್ಧಾಂತಿಕ ಶಕ್ತಿ ಸಿಕ್ಕುತ್ತದೆ. 3060ಕ್ಕೆ ಇದು ಸೆಕೆಂಡಿಗೆ 12.74 ಲಕ್ಷ ಕೋಟಿ ಲೆಕ್ಕ, 4060ಕ್ಕೆ 15.11 ಲಕ್ಷ ಕೋಟಿ. ಅಂಗಡಿಯವರು ‘ಟೆರಾಫ್ಲಾಪ್’ ಎನ್ನುವುದು ಇದನ್ನೇ. ಈ ಒಂದು ತಕ್ಕಡಿಯಲ್ಲಿ ತಮ್ಮನೇ ಶೇಕಡ 19ರಷ್ಟು ಮುಂದು.

ಇರಲಿ, ಭಟ್ಟರೆಷ್ಟೇ ಚುರುಕಾದರೂ ಉಗ್ರಾಣದಿಂದ ಅಕ್ಕಿ ಬೇಳೆ ಬರದಿದ್ದರೆ ಒಲೆಯ ಮುಂದೆ ಸುಮ್ಮನೆ ನಿಲ್ಲಬೇಕಾದೀತು. ಕಾರ್ಡಿನ ಮೆಮರಿಯೇ ಆ ಉಗ್ರಾಣ. 3060ರ ಉಗ್ರಾಣ 12 ಜಿಬಿ, ಅದರ ಬಾಗಿಲಿನ ಅಗಲ 192 ಬಿಟ್. 4060ರದು 8 ಜಿಬಿ, 128 ಬಿಟ್. ಬಾಗಿಲಿನ ಒಂದೊಂದು ಬಿಟ್ಟಿನಲ್ಲಿ ಸೆಕೆಂಡಿಗೆ ಅಣ್ಣ 15 ಗಿಗಾಬಿಟ್ ಸಾಗಿಸಿದರೆ ತಮ್ಮ 17 ಸಾಗಿಸುತ್ತಾನೆ. ಗುಣಿಸಿ ಎಂಟರಿಂದ ಭಾಗಿಸಿದರೆ 3060ಕ್ಕೆ ಸೆಕೆಂಡಿಗೆ 360 ಜಿಬಿ, 4060ಕ್ಕೆ 272 ಜಿಬಿ. ಇಲ್ಲಿ ತಮ್ಮ ಶೇಕಡ 24ರಷ್ಟು ಹಿಂದು.

ಈ ಕೊರತೆ ತುಂಬಲು ತಮ್ಮನಿಗೊಂದು ಉಪಾಯ ಕೊಟ್ಟಿದ್ದಾರೆ. ಪದೇ ಪದೇ ಬೇಕಾಗುವ ಸಾಮಾನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳುವ ಜಾಗವನ್ನು, ಅಂದರೆ ಎಲ್-2 ಕ್ಯಾಶನ್ನು, 3 ಎಂಬಿಯಿಂದ 24 ಎಂಬಿಗೆ ಹಿಗ್ಗಿಸಿದ್ದಾರೆ. ಹೀಗಾಗಿ ಉಗ್ರಾಣಕ್ಕೆ ಓಡಾಟ ಕಡಿಮೆ. ಸಾಧಾರಣ 1080 ಪರದೆಯಲ್ಲಿ ಹೆಚ್ಚಿನ ಆಟಗಳನ್ನು ಆಡಿಸುವಾಗ 4060ರ ಕೈಯೇ ಮೇಲಾಗುವುದಕ್ಕೆ ಇದೂ ಒಂದು ಕಾರಣ. ನಡುವೆ ಹೊಸ ಚಿತ್ರಗಳನ್ನು ಹುಟ್ಟಿಸಿ ಸೇರಿಸುವ ಡಿಎಲ್‌ಎಸ್‌ಎಸ್ 3ರ ಸೌಕರ್ಯವೂ ತಮ್ಮನಿಗುಂಟು, ಅಣ್ಣನಿಗಿಲ್ಲ.

ಆದರೆ ಉಪಾಯಕ್ಕೂ ಒಂದು ಮಿತಿಯುಂಟು. ಉಗ್ರಾಣದಲ್ಲಿ ಹಿಡಿಸದಷ್ಟು ಸಾಮಾನು ಬೇಕಾದಾಗ ಪೇಟೆಗೇ ಆಳನ್ನು ಅಟ್ಟಬೇಕು. ಎಂದರೆ ಕಂಪ್ಯೂಟರಿನ ಸ್ವಂತ ಮೆಮರಿಯಿಂದ ತರಿಸಬೇಕು. ಆ ದಾರಿ 3060ಕ್ಕೆ 16 ಸಾಲಿನದು, 4060ಕ್ಕೆ 8 ಸಾಲಿನದು. ಮದರ್‌ಬೋರ್ಡು ಹಳೆಯದಾಗಿ ಪಿಸಿಐಇ 3.0 ಇದ್ದರೆ ತಮ್ಮನಿಗೆ ಸೆಕೆಂಡಿಗೆ ಸುಮಾರು 8 ಜಿಬಿಯಷ್ಟೇ ಸಾಗೀತು.

ಇದರ ಬಿಸಿ ತಟ್ಟುವುದು ಆಟದವರಿಗಿಂತ ಓದುವವರಿಗೆ. ಕೃತಕ ಬುದ್ಧಿಮತ್ತೆಯ ಒಂದು ಮಾದರಿಯನ್ನು ಮನೆಯ ಕಂಪ್ಯೂಟರಿನಲ್ಲೇ ನಡೆಸಬೇಕೆಂದುಕೊಳ್ಳಿ. ಅದರಲ್ಲಿ 1,400 ಕೋಟಿ ಅಂಕಿಗಳಿದ್ದು, ಒಂದೊಂದಕ್ಕೆ ಅರ್ಧ ಬೈಟಿನಂತೆ ಅಡಕಮಾಡಿದರೂ 7 ಜಿಬಿ ಅದಕ್ಕೇ ಬೇಕು. ಪರದೆಗೂ ಕೆಲಸದ ಕರಡಿಗೂ ಜಾಗ ಬಿಟ್ಟರೆ 8 ಜಿಬಿಯಲ್ಲಿ ಉಸಿರುಗಟ್ಟುತ್ತದೆ, 12ರಲ್ಲಿ ಸರಾಗ. ಬ್ಲೆಂಡರಿನಲ್ಲಿ ದೊಡ್ಡ ದೃಶ್ಯಗಳನ್ನು ಕಟ್ಟುವ ಅನಿಮೇಶನ್ ವಿದ್ಯಾರ್ಥಿಗಳಿಗೂ ಇದೇ ಮಾತು ಸಲ್ಲುತ್ತದೆ.

ಮನೆ ನಡೆಸುವ ತಾಯಂದಿರು ಕೇಳುವ ಪ್ರಶ್ನೆ ಬೇರೆ: ಕರೆಂಟಿನ ಬಿಲ್ಲು? 3060ಕ್ಕೆ ನಿಗದಿಯಾದ ವಿದ್ಯುತ್ತು 170 ವಾಟ್, 4060ಕ್ಕೆ 115. ದಿನಕ್ಕೆ 4 ಗಂಟೆ ಪೂರ್ಣ ದುಡಿಸಿದರೆ ಈ 55 ವಾಟಿನ ಅಂತರ ವರ್ಷಕ್ಕೆ ಸುಮಾರು 80 ಯೂನಿಟ್ಟಾಗುತ್ತದೆ. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 640 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಸಣ್ಣ ಕೋಣೆಯಲ್ಲಿ ಬೇಸಗೆಯ ಸೆಕೆಗೆ ಅದೂ ಸೇರುತ್ತದೆ.

ಕೊಳ್ಳುವಾಗ ಎರಡು ಎಚ್ಚರಿಕೆ. 3060 ಎಂಬ ಹೆಸರಿನಲ್ಲೇ 2022ರ ಕೊನೆಗೆ 8 ಜಿಬಿಯ ಇನ್ನೊಂದು ಕಾರ್ಡು ಬಂದಿದೆ. ಅದರ ಬಾಗಿಲು 128 ಬಿಟ್ಟಿನದು, ಸಾಗಾಟ 240 ಜಿಬಿ ಮಾತ್ರ. ಹೆಸರು ಕೇಳಿ ಮೋಸಹೋಗದೆ ಪೆಟ್ಟಿಗೆಯ ಮೇಲೆ 12 ಜಿಬಿ ಎಂದಿದೆಯೇ ಎಂದು ಓದಿಕೊಳ್ಳಿ. ಎರಡನೆಯದು, 2022ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ನಾಣ್ಯದ ‘ಗಣಿಗಾರಿಕೆ’ ನಿಂತ ಮೇಲೆ, ಹಗಲಿರುಳು ಅದರಲ್ಲಿ ದುಡಿದ ಕಾರ್ಡುಗಳು ಹಳೆಯ ಮಾಲಿನ ಪೇಟೆಗೆ ಬಂದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದನ್ನೂ ಬಿಸಿಯನ್ನೂ ನೋಡಿ, ಬಿಲ್ಲು ಮತ್ತು ವಾರಂಟಿಯನ್ನು ಕೇಳಿ ಪಡೆಯತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಆಟ ಹಾಗೂ ಸಾಧಾರಣ ಚಿತ್ರಕೆಲಸಕ್ಕೆ 4060 ಮೇಲು, ಕರೆಂಟೂ ಮಿತ. ಹೆಚ್ಚು ಮೆಮರಿ ಬೇಡುವ ವಿದ್ಯಾಭ್ಯಾಸಕ್ಕೆ, ವೇಗ ತುಸು ಕಡಿಮೆಯಾದರೂ 12 ಜಿಬಿಯ 3060 ಒದಗುತ್ತದೆ. ಪೇಟೆಗೆ ಹೊರಡುವ ಮುನ್ನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, “ಯಾವ ಸಾಫ್ಟ್‌ವೇರ್ ಬಳಸುತ್ತೀಯ, ಅದಕ್ಕೆ ಎಷ್ಟು ಮೆಮರಿ ಬೇಕು?” ಎಂದು ಕೇಳಿರಿ. ಉತ್ತರ ಕೊಡಲು ಅವರೂ ನಾಲ್ಕು ಪುಟ ಓದಬೇಕಾದೀತು. ಹಣ ನಮ್ಮದಾದರೂ ಆಯ್ಕೆ ಇಬ್ಬರದೂ ಆದರೆ ಮುಂದೆ ಯಾರೂ ಯಾರನ್ನೂ ದೂರುವ ಪ್ರಸಂಗ ಬಾರದು.