ಒಂದು ಲೀಟರ್ ನೀರು, 700 ವಾಟ್ ಬಿಸಿ

ಪೀಣ್ಯದ ಯಾವ ಶೆಡ್ಡಿನ ಬಾಗಿಲಲ್ಲಿ ನಿಂತರೂ ಮೂಗಿಗೆ ಮೊದಲು ಬಡಿಯುವುದು ಕೂಲೆಂಟಿನ ವಾಸನೆ. ಲೇತಿನ ಚಕ್ಕಿನಲ್ಲಿ ಉಕ್ಕಿನ ಸಲಾಕೆ ತಿರುಗುತ್ತಿರುತ್ತದೆ, ಟೂಲಿನ ತುದಿಯ ಮೇಲೆ ಹಾಲುಬಿಳಿ ದ್ರವ ಒಂದೇ ಸಮನೆ ಸುರಿಯುತ್ತಿರುತ್ತದೆ, ನೀಲಿಗಟ್ಟಿದ ಚೂರು ಸುರುಳಿ ಸುತ್ತಿಕೊಂಡು ಟ್ರೇಗೆ ಬೀಳುತ್ತದೆ. ನೀರಿಗೆ ಎಣ್ಣೆ ಬೆರೆಸಿದ ಆ ದ್ರವ ನಿಂತರೆ ಟೂಲು ಸುಟ್ಟಿತೆಂದೇ ಲೆಕ್ಕ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಪೀಣ್ಯದ ಶೆಡ್ಡುಗಳು ಏಳತೊಡಗಿದ ಮೇಲೆ, ಬಿಸಿಯಾದ ಲೋಹವನ್ನು ತಣಿಸುವುದು ಜಾಲಹಳ್ಳಿಯ ಸುತ್ತಲಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ವಿದ್ಯೆ. ಆ ವಿದ್ಯೆ ಈಗ ಮಹಡಿಯ ಕೋಣೆಗೂ ಹತ್ತಿದೆ, ಕಂಪ್ಯೂಟರಿನ ಹೊಟ್ಟೆಯೊಳಗೆ.

ಗಂಗಮ್ಮನಗುಡಿ ಸರ್ಕಲ್ಲಿನಿಂದ ಒಳಗೆ, ನಮ್ಮ ಬೀದಿಯ ಕೊನೆಯ ಮನೆ. ಮಗಳು ಮನೆಯಲ್ಲೇ ಕೂತು ಅನಿಮೇಷನ್ ಕೆಲಸ ಮಾಡುತ್ತಾಳೆ. ಅಪ್ಪ ಎಚ್‌ಎಂಟಿಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಭಾನುವಾರದ ಬೆಳಿಗ್ಗೆ, ಅವಳ ಕಂಪ್ಯೂಟರನ್ನು ನೀರಿನಿಂದ ತಣಿಸುವ ಜೋಡಣೆಗೆಂದು, ಊಟದ ಮೇಜನ್ನೇ ಮಹಡಿಗೆ ಹೊತ್ತಿದ್ದಾರೆ. ಅದರ ಮೇಲೆ ಹಳೆಯ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಸಾಮಾನು: ಮೂರು ಫ್ಯಾನ್ ಕೂರುವಷ್ಟು ಉದ್ದದ ಎರಡು ರೇಡಿಯೇಟರ್, ಮುಷ್ಟಿಗಾತ್ರದ ಪಂಪು, ಗಾಜಿನ ಹಾಗೆ ಹೊಳೆಯುವ ರಿಸರ್ವಾಯರ್, ನಿಕ್ಕಲ್ ಲೇಪಿಸಿದ ತಾಮ್ರದ ವಾಟರ್ ಬ್ಲಾಕು, ಕವರಿನಲ್ಲಿ ಎಣಿಸಿಟ್ಟ ರಬ್ಬರಿನ ಓ-ರಿಂಗುಗಳು. ಕೆಲವು ಎಸ್‌ಪಿ ರೋಡಿನಲ್ಲಿ ಸಿಕ್ಕಿದ್ದು, ಉಳಿದದ್ದು ಕೊರಿಯರಿನಲ್ಲಿ ಬಂದದ್ದು. ಅಪ್ಪ ವಾಟರ್ ಬ್ಲಾಕನ್ನು ಬೆಳಕಿಗೆ ಹಿಡಿದು ಒಳಗಿನ ತಾಮ್ರದ ಸಣ್ಣ ಸಣ್ಣ ಗೀರುಗಳನ್ನು ನೋಡುತ್ತ ಕೂತುಬಿಟ್ಟರು. ಕೂದಲೆಳೆಯ ದಪ್ಪದ ರೆಕ್ಕೆಗಳನ್ನು ತಾಮ್ರದಿಂದಲೇ ಸೀಳಿ ಎಬ್ಬಿಸಿದ್ದಾರೆ. ಪ್ರೊಸೆಸರಿನ ಬಿಸಿ ತಳದಿಂದ ಆ ರೆಕ್ಕೆಗಳಿಗೆ ಏರಿ, ಅವುಗಳ ನಡುವೆ ನುಸುಳುವ ನೀರಿಗೆ ಸೇರಬೇಕು. "ಯಾರೋ ಒಳ್ಳೆ ಕೈ ಮಾಡಿರೋದು" ಎಂದರು. ಟೂಲ್‌ರೂಮಿನವರು ಅಷ್ಟು ಸುಲಭವಾಗಿ ಹೊಗಳುವವರಲ್ಲ.

ಇಷ್ಟೆಲ್ಲ ಯಾಕೆ ಬೇಕು? ಎನ್ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್ ಒಂದೇ 450 ವಾಟ್ ಕುಡಿಯುತ್ತದೆ, ಇಂಟೆಲ್‌ನ ಐ9-14900ಕೆ ಪ್ರೊಸೆಸರು ಪೂರ್ತಿ ದುಡಿಯುವಾಗ 253 ವಾಟ್. ಎರಡೂ ಸೇರಿ ಸುಮಾರು 700 ವಾಟ್. ರಾತ್ರಿಯಿಡೀ ರೆಂಡರ್ ನಡೆದರೆ ರಾತ್ರಿಯಿಡೀ ಅಷ್ಟೂ ಬಿಸಿಯಾಗಿಯೇ ಹೊರಗೆ ಬರುತ್ತದೆ. ಗಾಳಿಗೆ ಹೋಲಿಸಿದರೆ ಅಷ್ಟೇ ಗಾತ್ರದ ನೀರು ಸುಮಾರು 3,500 ಪಟ್ಟು ಶಾಖ ಹೊರುತ್ತದೆ. ಅದರ ಮೇಲೆ ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ 10ರಷ್ಟು ತೆಳು, ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಇಲ್ಲಿ ಹೊರುವ ಬಿಸಿ ಕಡಿಮೆ. ಬೆಂಗಳೂರಿನ ತಂಪನ್ನು ನಂಬಿದವರು ಈ ಲೆಕ್ಕವನ್ನು ಮರೆಯುತ್ತಾರೆ. ಇಲ್ಲಿಂದ ಯಶವಂತಪುರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್‌ನ 'ಪರಮ್ ಪ್ರವೇಗ'ವೂ ಚಿಪ್ಪುಗಳ ಬೆನ್ನಿಗೇ ದ್ರವ ಹರಿಸಿ ತಣಿಯುವ ಯಂತ್ರ. ಮಹಡಿಯ ಈ ಪೆಟ್ಟಿಗೆಯದ್ದೂ ಅದೇ ದಾರಿ.

ಕೊಳವೆ ಬಗ್ಗಿಸುವುದು ಇಡೀ ಕೆಲಸದ ಕಷ್ಟದ ಭಾಗ, ಸೊಗಸಿನ ಭಾಗವೂ ಹೌದು. ಪಿಇಟಿಜಿ ಪ್ಲಾಸ್ಟಿಕ್ಕಿನ ಕೊಳವೆ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ; ಅಕ್ರಿಲಿಕ್ಕಿಗೆ ಅದಕ್ಕಿಂತ ಹೆಚ್ಚು ಬಿಸಿ ಬೇಕು. ಒಳಗೆ ಸಿಲಿಕೋನ್ ಹುರಿ ತೂರಿಸಿ, ಹೀಟ್‌ಗನ್ನಿನ ಮುಂದೆ ಕೊಳವೆಯನ್ನು ಬೆರಳುಗಳ ನಡುವೆ ಉರುಳಿಸುತ್ತಲೇ ಇರಬೇಕು. ಒಂದು ಗಳಿಗೆ ನಿಲ್ಲಿಸಿದರೆ ಗುಳ್ಳೆ ಏಳುತ್ತದೆ. ಮಗಳ ಮಣಿಕಟ್ಟಿನ ಬೆವರು ಕೊಳವೆಗೆ ತಾಗದಂತೆ ಅಮ್ಮ ಟವೆಲು ಸುತ್ತಿ ಹೋದರು. ಕೊಳವೆ ಕೈಯಲ್ಲಿ ಸೋತು ತೂಗತೊಡಗಿದ ಕ್ಷಣವೇ ಅದನ್ನು ಅಚ್ಚಿಗೊತ್ತಿ, ಒದ್ದೆ ಬಟ್ಟೆ ಒರೆಸಿ ಹಿಡಿದಳು. ಅಪ್ಪ ಬೆವೆಲ್ ಪ್ರೊಟ್ರ್ಯಾಕ್ಟರ್ ಇಟ್ಟು ನೋಡಿದರು. ತೊಂಬತ್ತಕ್ಕೆ ಎರಡು ಡಿಗ್ರಿ ಕಡಿಮೆ.

"ಬಿಡಪ್ಪಾ, ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣಲ್ಲ, ಓ-ರಿಂಗಿಗೆ ಕಾಣುತ್ತೆ. ಓರೆಯಾಗಿ ಕೂತ್ರೆ ಒಂದು ಕಡೆನೇ ಒತ್ತುತ್ತೆ. ಇನ್ನೊಂದು ಸಲ ಬಿಸಿ ಮಾಡು."

ಮಾಡಿದಳು. ಆಮೇಲೆ ತುದಿ ಕತ್ತರಿಸಿದ್ದಾಯಿತು. ಅಪ್ಪ ಉಗುರಿನಿಂದ ಅಂಚನ್ನು ಸವರಿ, "ಬರ್ ಇದೆ ಕಣಮ್ಮ, ಚಾಂಫರ್ ಹೊಡಿ" ಎಂದರು. ಕತ್ತರಿಸಿದ ಅಂಚಿನ ಆ ಚೂಪು ಉಳಿದರೆ, ಕೊಳವೆ ಒಳಗೆ ಕೂರುವಾಗಲೇ ರಬ್ಬರನ್ನು ಸೀಳುತ್ತದೆ. ಸೋರುವುದು ತಿಂಗಳಾದ ಮೇಲೆ.

ಫಿಟಿಂಗ್ ಒಂದು ಕಡಿಮೆ ಬಿತ್ತು. ಇಲ್ಲಿಯೇ ಜಾಲಹಳ್ಳಿಯಲ್ಲಿ ಇರುವವರ ಅದೃಷ್ಟ. ಈ ಹವ್ಯಾಸದಲ್ಲಿ ಜಿ ಕಾಲಿಂಚು ಎನ್ನುವ ಥ್ರೆಡ್ಡು, ಇಲ್ಲಿನ ಕಂಪ್ರೆಸರ್ ಏರ್‌ಲೈನ್ ಸಾಮಾನಿನ ಅಂಗಡಿಯವರು ಕಾಲಿಂಚು ಬಿಎಸ್‌ಪಿ ಎಂದು ಮಾರುವ ಥ್ರೆಡ್ಡೇ. ಆದರೆ ಒಂದು ಎಚ್ಚರ ಬೇಕು: ಟೇಪರ್ ಇರುವುದನ್ನು ತರಬಾರದು. ಅದು ತಿರುಗಿಸಿದಷ್ಟೂ ಬಿಗಿಯುತ್ತ ಹೋಗಿ ಅಕ್ರಿಲಿಕ್ ಬಾಯಿಯನ್ನು ಒಡೆಯುತ್ತದೆ. ಪ್ಯಾರಲಲ್ ಥ್ರೆಡ್, ಕೆಳಗೆ ಓ-ರಿಂಗು, ಕೈಯಲ್ಲಿ ತಿರುಗಿಸಿದಷ್ಟೇ ಬಿಗಿ. ಟೆಫ್ಲಾನ್ ಟೇಪ್ ಬೇಡವೇ ಬೇಡ. ಹಿತ್ತಾಳೆಯದ್ದೇ ಬೇಕು ಎಂದು ಅಪ್ಪ ಫೋನಿನಲ್ಲಿ ಎರಡೆರಡು ಸಲ ಹೇಳಿದರು. ತಾಮ್ರವಿರುವ ನೀರಿನ ದಾರಿಯಲ್ಲಿ ಅಲ್ಯೂಮಿನಿಯಂ ಸೇರಿಸಿದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿ ಹುಟ್ಟಿದಂತೆ. ಅಲ್ಯೂಮಿನಿಯಂ ಕರಗಿ, ಅದರ ಪುಡಿ ಆ ಕೂದಲೆಳೆಯ ರೆಕ್ಕೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಗ್ಗದ ರೇಡಿಯೇಟರ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಲೋಹವನ್ನು.

ಇನ್ನು ನೀರು. ಈ ಮನೆಯ ಬೋರ್‌ವೆಲ್ ನೀರು ಗೀಸರಿನ ಕಾಯಿಲಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಪೀಣ್ಯದ ಕಡೆಯ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಬಂದ ಕ್ರೋಮಿಯಂ ಸೇರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ವಾಟರ್ ಬ್ಲಾಕಿನ ಮೇಲೆ ಬೆಳ್ಳಗೆ ಹೊಳೆಯುವ ನಿಕ್ಕಲ್ಲೂ ಇಂಥದೇ ಪ್ಲೇಟಿಂಗ್ ತೊಟ್ಟಿಯಲ್ಲಿ ಅದ್ದಿ ತೆಗೆದದ್ದು. ಆ ಹೊಳಪಿಗೆ ಎಲ್ಲೋ ಒಂದು ನೆಲ ಬೆಲೆ ತೆತ್ತಿರುತ್ತದೆ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮಗಳು ತಂದಿದ್ದು ಇನ್ವರ್ಟರ್ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನು. ಬ್ಯಾಟರಿ ನೀರೆಂದು ಮಾರುವುದೆಲ್ಲ ಬಟ್ಟಿ ಇಳಿಸಿದ್ದಲ್ಲವಾದ್ದರಿಂದ ಚೀಟಿ ಓದಿಯೇ ತಂದಿದ್ದಾಳೆ. ಅದಕ್ಕೆ ಪಾಚಿ ಕಟ್ಟದಂತೆ ಒಂದು, ತುಕ್ಕು ಹಿಡಿಯದಂತೆ ಒಂದು ದ್ರಾವಣ ಅಳೆದು ಹಾಕಿದಳು. ಬಣ್ಣ ಬೇಡವೆಂದಳು. ನನಗೂ ಅದೇ ಸರಿ ಕಂಡಿತು: ಬಣ್ಣದ ಕಣಗಳು ಕಾಲ ಕಳೆದಂತೆ ತಳಕ್ಕೆ ಕೂರುತ್ತವೆ, ತಿಳಿನೀರು ಕೆಟ್ಟರೆ ತಾನೇ ಹೇಳುತ್ತದೆ. ವರ್ಷಕ್ಕೊಮ್ಮೆ ಬದಲಿಸುವಾಗ ಹಳೆಯದನ್ನು ಸಿಂಕಿಗೆ ಸುರಿಯದೆ ತುಂಬಿಡಲು ಕ್ಯಾನೊಂದು ಆಗಲೇ ಮೂಲೆಯಲ್ಲಿದೆ.

ಮದರ್‌ಬೋರ್ಡಿಗೆ, ಕಾರ್ಡಿಗೆ ಕರೆಂಟಿನ ತಂತಿ ಸೇರಿಸಿಲ್ಲ. ಪವರ್ ಸಪ್ಲೈಯ ದೊಡ್ಡ ಪ್ಲಗ್ಗಿನಲ್ಲಿ ಹಸಿರು ತಂತಿಯ ಪಿನ್ನನ್ನೂ ಕಪ್ಪಿನದನ್ನೂ ಜಂಪರ್ ಹಾಕಿ ಕೂಡಿಸಿದಾಗ ಪಂಪು ಮಾತ್ರ ಎದ್ದಿತು. ರಿಸರ್ವಾಯರಿನ ನೀರು ಗಕ್ಕನೆ ಇಳಿಯಿತು, ಕೊಳವೆಗಳಲ್ಲಿ ಓಡಿತು, ಗುಳಗುಳ ಎಂದಿತು. ನೀರು ಸುರಿ, ನಿಲ್ಲಿಸು, ಪೆಟ್ಟಿಗೆ ಒಂದು ಕಡೆ ವಾಲಿಸು, ಗಾಳಿಗುಳ್ಳೆ ಮೇಲೇಳಲಿ, ಮತ್ತೆ ಸುರಿ. ಒಂದೊಂದು ಜೋಡಣೆಯ ಕೆಳಗೂ ಟಿಶ್ಯೂ ಕಾಗದ. ಒಂದು ದಿನ ಪೂರ್ತಿ ಹೀಗೆ ಓಡಿಸಿ, ಕಾಗದ ಒಣಗಿಯೇ ಇದ್ದರೆ ಆಮೇಲೆ ಕರೆಂಟು.

ಕಾಯುವಾಗ ಅಪ್ಪ-ಮಗಳ ವಾದ. ಪ್ರೊಸೆಸರಿನಲ್ಲಿ ಕಾದ ನೀರು ನೇರ ಕಾರ್ಡಿಗೆ ಹೋಗುವುದು ಅಪ್ಪನಿಗೆ ಒಪ್ಪಿಗೆಯಿಲ್ಲ. ನಡುವೆ ರೇಡಿಯೇಟರ್ ಬೇಕಿತ್ತು ಎಂಬ ಹಟ. ಅವಳು ಕಾಗದ ತೆಗೆದಳು. ನಿಮಿಷಕ್ಕೆ ನಾಲ್ಕು ಲೀಟರ್ ಹರಿದರೆ, 700 ವಾಟ್ ಎಲ್ಲವೂ ಸೇರಿ ನೀರನ್ನು ಏರಿಸುವುದು ಎರಡೂವರೆ ಡಿಗ್ರಿ. ಯಾವುದು ಮೊದಲು ಬಂದರೂ ಅದರೊಳಗೇ. ಅಪ್ಪ ಲೆಕ್ಕವನ್ನು ತಾವೇ ಇನ್ನೊಮ್ಮೆ ಮಾಡಿ, ತಲೆಯಾಡಿಸಿದರು. ಆದರೆ ಅವರು ಬೇರೆ ಪ್ರಶ್ನೆ ಹಾಕಿದರು: "ನೀರಿನ ಬಿಸಿ ರೇಡಿಯೇಟರಿಗೆ, ರೇಡಿಯೇಟರಿನದು ಕೋಣೆಗೆ. ಏಪ್ರಿಲ್‌ನಲ್ಲಿ ಈ ತಾರಸಿ ಕೆಳಗೆ ನೀನು ಎಲ್ಲಿ ಕೂರ್ತೀಯ?"

ಸರಿಯಾದ ಪ್ರಶ್ನೆ. ನೀರು ಕೋಣೆಯ ಗಾಳಿಗಿಂತ ತಣ್ಣಗೆ ಎಂದೂ ಆಗದು. ಅದಕ್ಕಿಂತ ಹತ್ತೇ ಡಿಗ್ರಿ ಮೇಲಿದ್ದರೆ ಒಳ್ಳೆಯ ಜೋಡಣೆ. ಕೋಣೆ 34 ಮುಟ್ಟಿದರೆ ನೀರು 44. ಹೀಗಾಗಿ ರೇಡಿಯೇಟರ್ ಒಂದನ್ನು ಕಿಟಕಿಯ ಸಂದಿಯಿಂದ ಮೆತ್ತನೆ ಪೈಪೆಳೆದು ಯುಟಿಲಿಟಿಗೆ, ವಾಷಿಂಗ್ ಮೆಷಿನ್ನಿನ ಮೇಲಕ್ಕೆ ಸಾಗಿಸುವುದು ಎಂದು ತೀರ್ಮಾನವಾಯಿತು. ಅಷ್ಟು ಎತ್ತರಕ್ಕೆ ಪಂಪು ಎಳೆಯುತ್ತದೆಯೇ ಎಂದು ಅಮ್ಮನ ಅನುಮಾನ. ಮುಚ್ಚಿದ ಸುತ್ತಿನಲ್ಲಿ ಏರುವ ನೀರಿನ ತೂಕವನ್ನು ಇಳಿಯುವ ನೀರು ಸರಿದೂಗಿಸುತ್ತದೆ, ಒಮ್ಮೆ ತುಂಬಿದ ಮೇಲೆ ಪಂಪಿಗೆ ಉಳಿಯುವುದು ಕೊಳವೆಯ ಉಜ್ಜಾಟ ಮಾತ್ರ ಎಂದು ಮಗಳು ವಿವರಿಸುತ್ತಿದ್ದಳು. ಅಪ್ಪ ಆಗಲೇ ಟೇಪು ಹಿಡಿದು ಗೋಡೆ ಅಳೆದು, ಪೀಣ್ಯದ ಹಳೆಯ ಸ್ನೇಹಿತರಿಗೆ ಫೋನು ಹಚ್ಚಿದ್ದರು. "ಎರಡು ಎಂಎಂ ಎಸ್‌ಎಸ್ ಶೀಟು, ಉದ್ದ ನಾನೂರು, ಮೇಲಿನ ಅಂಚು ಒಂದೂವರೆ ಇಂಚು ಬಗ್ಗಿಸಿ, ಮಳೆ ಹನಿ ಫ್ಯಾನಿಗೆ ಬೀಳಬಾರದು. ಧೂಳು ಒರೆಸೋಕೆ ಕೈ ಹೋಗೋ ಹಾಗಿರಲಿ. ನಾಳಿದ್ದು ಕೊಡ್ತೀರಾ?"